ಓಕ್ ಮರಕ್ಕೆ ಕಟ್ಟಿದ ಕಟ್ಟೆ

ನಾನು ಮೂವತ್ತು ವರ್ಷ ಸಿವಿಲ್ ಎಂಜಿನಿಯರ್ ಆಗಿದ್ದವಳು. ರಸ್ತೆ, ಸೇತುವೆ, ಮೋರಿ ಎಲ್ಲ ಕಟ್ಟಿಸಿದ್ದೇನೆ, ಯಾವುದೂ ಬಿದ್ದಿಲ್ಲ. ಹಾಗಾಗಿ ಅಮೆರಿಕದ ಸ್ಕೋಕಿ ಊರಿನ ನಮ್ಮ ಮನೆಯ ಹಿತ್ತಿಲಲ್ಲಿರುವ ಓಕ್ ಮರಕ್ಕೆ ಕಟ್ಟೆ ಕಟ್ಟಲು ಹೊರಟಾಗ ಯಾರ ಸಲಹೆಯೂ ಬೇಕು ಅನ್ನಿಸಲಿಲ್ಲ.

ಆ ಮರ ಮನೆಗಿಂತ ಹಳೆಯದು. ನಾನೂ ನಮ್ಮವರೂ ಎರಡು ಕಡೆಯಿಂದ ತಬ್ಬಿದರೂ ಕೈಗೆ ಕೈ ಸಿಗುವುದಿಲ್ಲ. ಮನೆ ನೋಡಲು ಬಂದ ದಿನ ಅಡುಗೆಮನೆಯನ್ನೂ ಸರಿಯಾಗಿ ನೋಡದೆ, ಈ ಮರ ನೋಡಿಯೇ ನಾನು ಹೂಂ ಅಂದಿದ್ದೆ. ಇಂಥ ಮರದ ಸುತ್ತ ಬರೀ ಹುಲ್ಲು ಇರುವುದು ಮಾತ್ರ ನನಗೆ ಅರ್ಧಕ್ಕೆ ಬಿಟ್ಟ ಕೆಲಸದ ಹಾಗೆ ಕಾಣುತ್ತಿತ್ತು. ಧಾರವಾಡದ ನಮ್ಮ ಓಣಿಯಲ್ಲಿ ದೊಡ್ಡ ಮರವೆಂದರೆ ಅದಕ್ಕೊಂದು ಕಟ್ಟೆ ಇರಲೇಬೇಕು. ನಿವೃತ್ತಿಯಾದ ವರ್ಷ ಕಲ್ಲು ತರಿಸಿದೆ, ಟ್ರಕ್ ತುಂಬ ಮಣ್ಣು ತರಿಸಿದೆ.

“ಯಾರನ್ನರ ಕೇಳಿ ಮಾಡಿದ್ರ ಛಲೋ ಇತ್ತು,” ಅಂದರು ನಮ್ಮವರು. ಅವರು ಹೃದಯದ ಡಾಕ್ಟರು.

“ನಿಮ್ಮ ಆಪರೇಶನ್ನಿಗೆ ನಾ ಎಂದರ ಅಡ್ಡ ಬಂದೀನೇನ್ರಿ? ಮಣ್ಣಿಂದು ನನಗ ಬಿಡ್ರಿ,” ಅಂದೆ.

ಕಟ್ಟೆ ಎರಡಡಿ ಎತ್ತರಕ್ಕೆ ಎದ್ದಿತು. ಕಾಂಡಕ್ಕೆ ಒತ್ತಿಕೊಳ್ಳುವಂತೆ ಮಣ್ಣು ತುಂಬಿಸಿ, ಮೇಲೆ ಚಪ್ಪಡಿ ಹಾಸಿಸಿದೆ. ಭಾನುವಾರ ಬಂದವರೆಲ್ಲ ಸೋಫಾ ಬಿಟ್ಟು ಅಲ್ಲೇ ಕೂತು ಗಿರ್ಮಿಟ್ ತಿನ್ನುತ್ತಿದ್ದರು. ಹೊಗಳಿದಷ್ಟೂ ನಾನು ಉಬ್ಬಿದೆ, ಸುಳ್ಳೇಕೆ ಹೇಳಲಿ.

ಮೂರನೆಯ ಬೇಸಿಗೆ ಒಣಗಿ ಹೋಯಿತು. ವಾರಗಟ್ಟಲೆ ಮಳೆಯಿಲ್ಲ, ಜುಲೈನಲ್ಲಿ ತೊಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ನಮ್ಮ ಓಕ್‌ನ ತುದಿಯ ಎಲೆಗಳು ಸಣ್ಣಗಾಗಿ ಹಳದಿಗೆ ತಿರುಗಿದವು. ಅಕ್ಕಪಕ್ಕದವರ ಮರಗಳು ಮಾತ್ರ ಹಸಿರಾಗಿಯೇ ಇದ್ದವು. ನಾನು ಬೆಳಿಗ್ಗೆ ಎದ್ದವಳೇ ಕಾಂಡದ ಬುಡಕ್ಕೆ ಪೈಪು ಇಟ್ಟು ಗಂಟೆಗಟ್ಟಲೆ ನೀರು ಬಿಟ್ಟೆ. ಆಗಸ್ಟ್ ಹೊತ್ತಿಗೆ ಮನೆಯ ಕಡೆ ಚಾಚಿದ್ದ ದೊಡ್ಡ ಕೊಂಬೆಯೇ ಬೋಳಾಯಿತು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಮರಗಳನ್ನೇ ನೋಡುವ ಒಬ್ಬ ತಜ್ಞನನ್ನು ಕರೆಸಿದೆ.

ನರೆಗಡ್ಡದ ಮನುಷ್ಯ. ಬಂದವನು ತಲೆಯೆತ್ತಿ ಕೊಂಬೆ ನೋಡುತ್ತಾನೆ ಅಂದುಕೊಂಡಿದ್ದರೆ, ನೆಲ ನೋಡುತ್ತ ಕಟ್ಟೆಯನ್ನು ಒಂದು ಸುತ್ತು ಹಾಕಿದ.

“ಇದರ ಬುಡ ಎಲ್ಲಿದೆ?” ಎಂದು ಇಂಗ್ಲಿಷಿನಲ್ಲಿ ಕೇಳಿದ.

ಮರದ ಬುಡ ಅಗಲವಾಗಿ ನೆಲಕ್ಕಿಳಿಯುವುದು ಕಣ್ಣಿಗೆ ಕಾಣಬೇಕಂತೆ. ಮಣ್ಣಲ್ಲಿ ಹೂತರೆ ತೊಗಟೆ ಕೊಳೆಯುತ್ತದಂತೆ. ನಾನು ಬಿಡುತ್ತೇನೆಯೇ? ನಮ್ಮೂರಿನ ಮರಗಳು ಕಟ್ಟೆಯ ಮೇಲೇ ನೂರು ವರ್ಷ ಬಾಳಿವೆ ಎಂದು ಜೋರಾಗಿಯೇ ವಾದಿಸಿದೆ. ಅವನು ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದ: “ಕಟ್ಟೆ ಕಟ್ಟಿದಾಗ ಆ ಮರಗಳಿಗೆ ಎಷ್ಟು ವಯಸ್ಸು?”

ನಮ್ಮ ಕಡೆ ಸಸಿ ನೆಡುವಾಗಲೇ ಕಟ್ಟೆ ಕಟ್ಟುತ್ತಾರೆ. ಮರ ಅದಕ್ಕೆ ಹೊಂದಿಕೊಂಡೇ ಬೆಳೆಯುತ್ತದೆ. ಈ ಓಕ್ ಅಷ್ಟೂ ಕಾಲ ಹುಲ್ಲಿನ ಕೆಳಗೇ ಬೇರು ಹರಡಿ ಉಸಿರಾಡಿಕೊಂಡಿತ್ತು. ನಾನು ಅದರ ಮೂಗಿನ ಮೇಲೆ ಎರಡಡಿ ಮಣ್ಣು ಹೇರಿದ್ದೆ. ನೀರನ್ನಾದರೂ ಕೊಂಬೆಗಳ ಅಂಚಿನ ಕೆಳಗೆ, ಅದು ಕುಡಿಯುವ ಕಡೆ, ಕೊಟ್ಟಿದ್ದೆನೇ? ಅದೂ ಇಲ್ಲ.

“ಉಳಿಯುತ್ತದೆಯೇ?”

“ಎರಡು ಮೂರು ವರ್ಷ ಕಳೆಯದೆ ಹೇಳಲಾರೆ. ಮಣ್ಣು ತೆಗೆಯುವುದನ್ನು ಇವತ್ತೇ ಶುರುಮಾಡಿ. ಬೇರಿಗೆ ಪೆಟ್ಟಾಗಬಾರದು, ಕೈಯಿಂದಲೇ ತೆಗೆಯಿರಿ.”

ಮೂರು ವಾರ ಹಿಡಿಯಿತು. ನಾನು ಕೈಗುದ್ದಲಿಯಿಂದ ಕೆದಕುವುದು, ನಮ್ಮವರು ತಳ್ಳುಗಾಡಿಯಲ್ಲಿ ಹೊರಗೆ ಹಾಕುವುದು. ‘ನಾ ಹೇಳಿದ್ದೆ’ ಎಂಬ ಮಾತು ಅವರ ಬಾಯಿಂದ ಒಮ್ಮೆಯೂ ಬರಲಿಲ್ಲ. ಬಂದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ತಳದಲ್ಲಿ ತೊಗಟೆ ಕಪ್ಪಗೆ ಮೆತ್ತಗಾಗಿ ವಾಸನೆ ಹೊಡೆಯುತ್ತಿತ್ತು. ಅದನ್ನು ಮುಟ್ಟಿ, ಮಣ್ಣುಕೈಯಲ್ಲೇ ಕೂತು ಅತ್ತುಬಿಟ್ಟೆ. ಒಣಗಿದ ಕೊಂಬೆ ಕಡಿಯಲು ಚಳಿಗಾಲದವರೆಗೆ ಕಾಯಬೇಕಿತ್ತು. ಬೇಸಿಗೆಯಲ್ಲಿ ಓಕ್ ಕಡಿದರೆ ಗಾಯಕ್ಕೆ ರೋಗ ಹತ್ತುತ್ತದೆ. ಅಲ್ಲಿಯವರೆಗೆ ಹತ್ತು ದಿನಕ್ಕೊಮ್ಮೆ, ಕೊಂಬೆಗಳ ಅಂಚಿನ ಕೆಳಗೆ, ನಿಧಾನವಾಗಿ ನೀರು.

ಹಾಗೆ ಅಳುತ್ತ ಕೂತಾಗಲೇ ಹತ್ತಿರದ ಓಕ್ ಬ್ರೂಕ್ ಊರಿನ ಕಟ್ಟೆ ನೆನಪಾಯಿತು. ಹಿಂದಿನ ವರ್ಷ ಅಲ್ಲಿ ನೆಲೆಸಿದ್ದ ಮೈಸೂರಿನ ಹುಡುಗಿಯೊಬ್ಬಳು ನಮ್ಮ ಕಟ್ಟೆ ನೋಡಿ ಆಸೆಪಟ್ಟಿದ್ದಳು. ನಾನೇ ಹೋಗಿ, ಎದುರಿಗೆ ನಿಂತು, ಅವಳ ಮನೆಯ ಹಳೇ ಮೇಪಲ್ ಮರಕ್ಕೂ ಕಟ್ಟೆ ಕಟ್ಟಿಸಿ ಬಂದಿದ್ದೆ. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು ಅನ್ನುತ್ತಾರಲ್ಲ, ಆ ಕೋತಿ ನಾನೇ. ಶನಿವಾರ ಕಾರಿನ ಡಿಕ್ಕಿಯಲ್ಲಿ ಗುದ್ದಲಿ ಹಾಕಿಕೊಂಡು ಇಬ್ಬರೂ ಹೊರಟೆವು.

ಅವಳು ಕಟ್ಟೆಯ ಮೇಲೆ ನಿಂತು ಬಲೂನು ಕಟ್ಟುತ್ತಿದ್ದಳು. ನಾನು ವಿಷಯ ಹೇಳಿದೆ. ಅವಳ ಮುಖ ಸಣ್ಣದಾಯಿತು.

“ಆಂಟಿ, ನಾಳೆ ಮಗಳ ಬರ್ತ್‌ಡೇ, ಇಲ್ಲೇ ಪಾರ್ಟಿ ಇಟ್ಕೊಂಡಿದೀವಿ. ಮರಕ್ಕೆ ಏನೂ ಆಗಲ್ಲ ಅಂತ ನೀವೇ ಅಲ್ವಾ ಹೇಳಿದ್ದು?”

“ಹೌದವಾ, ನಾನ ಹೇಳಿದ್ದೆ. ತಪ್ಪ ಹೇಳಿದ್ದೆ.”

ಪಕ್ಕದಲ್ಲಿದ್ದ ನಮ್ಮವರು ತಿರುಗಿ ನನ್ನ ಮುಖ ನೋಡಿದರು. ಮದುವೆಯಾದಾಗಿನಿಂದ ಅವರು ನನ್ನ ಬಾಯಲ್ಲಿ ಕೇಳದಿದ್ದ ಮಾತು ಅದು.

“ಇದಕ್ಕೋಸ್ಕರ ಡ್ರೈವ್ ಮಾಡ್ಕೊಂಡು ಬಂದ್ರಾ? ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ಲ ಆಂಟಿ.”

“ಫೋನಿನಾಗ ಹೇಳಿದ್ರ ನೀ ನಂಬತಿದ್ದಿಲ್ಲವಾ. ಏನೂ ಆಗಂಗಿಲ್ಲಂತ ನಿನ್ನ ಅಷ್ಟು ನಂಬಿಸಿದಾಕಿ ನಾನ.”

ಅವಳು ತಲೆಯೆತ್ತಿ ಮೇಪಲ್ ನೋಡಿದಳು. ಒಂದು ಎಲೆಯೂ ಹಳದಿಯಾಗಿರಲಿಲ್ಲ. ಆಮೇಲೆ ಒಳಗೆ ಹೋಗಿ ಎರಡು ಜೊತೆ ಗ್ಲೌಸ್ ತಂದು, ಒಂದನ್ನು ನನ್ನ ಕೈಗೆ ಕೊಟ್ಟಳು.