ನನ್ನ ತಲೆಯಲ್ಲಿ ಉಳಿದ ಕಾಶಿಯ ದನಿ

ಕಾಶೀಬಾಯಿಯ ಹಾಡನ್ನು ನಿಲ್ಲಿಸಿದವಳು ನಾನು. ಒಂದು ಸುಳ್ಳು ಹೇಳಿ ನಿಲ್ಲಿಸಿದೆ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ — ಕಟ್ಟಿಕೊಂಡ ಗಂಡನಿಗೂ ಇಲ್ಲ.

ನಾವಿಬ್ಬರೂ ಬಸವಕಲ್ಯಾಣದ ಒಂದೇ ಕಾಲೇಜಿನಲ್ಲಿ ಓದುತ್ತಿದ್ದೆವು. ಕಾಶಿ ಹುಲಸೂರಿನವಳು. ಅಪ್ಪ ಅವ್ವ ಹೊಲದ ಕೂಲಿಗೆ ಹೋಗುತ್ತಿದ್ದರು. ಅವಳು ಓದಲೆಂದು ಇಲ್ಲೇ ಸೋದರಮಾವನ ಮನೆಯಲ್ಲಿದ್ದಳು. ಆಗ ಒಂದು ಹಿಂದಿ ಪಾಪ್ ಹಾಡು ಎಲ್ಲೆಲ್ಲೂ ಕೇಳುತ್ತಿತ್ತು. ಸಿನಿಮಾದ್ದಲ್ಲ, ಬರೀ ಕ್ಯಾಸೆಟ್ಟಿನದು. ಚಹಾದಂಗಡಿ, ಟೆಂಪೋ, ಮದುವೆಯ ಪೆಂಡಾಲು, ಎಲ್ಲಿ ಹೋದರೂ ಅದೇ. ಕಾಲೇಜಿನ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಕಾಶಿ ಅದನ್ನೇ ಹಾಡುತ್ತೇನೆಂದು ಹೆಸರು ಕೊಟ್ಟಳು. ಹಾಡಿಗೆ ಬಹುಮಾನ ಅಂದರೆ ಅಲ್ಲಿಯವರೆಗೆ ನಾನೇ.

ಒಂದು ಮಧ್ಯಾಹ್ನ ಕೋಟೆಯ ಬಾಗಿಲ ಕಮಾನಿನ ಕೆಳಗೆ ನಿಂತು ನನಗೊಬ್ಬಳಿಗೇ ಹಾಡಿ ತೋರಿಸಿದಳು. ದಪ್ಪ ದನಿ ಅವಳದು. ಪಲ್ಲವಿಯ ಕೊನೆಗೆ ಮೆಲ್ಲಗೆ ಇಳಿದು, ಇನ್ನು ಮುಗಿಯಿತು ಅನ್ನುವಾಗ ತುಸು ನಿಂತು, ಮತ್ತೆ ಎದ್ದಿತು. ನನ್ನ ಮೈಮೇಲಿನ ಕೂದಲು ನೆಟ್ಟಗಾದವು.

"ಹ್ಯಾಂಗ ಅದ?" ಅಂದಳು.

"ಚಲೋ ಅದ" ಅಂದೆ. ಒಳಗೆ ಹೆದರಿಕೆ — ಇವಳು ಸ್ಟೇಜು ಹತ್ತಿದರೆ ನನ್ನನ್ನು ಯಾರು ಕೇಳುತ್ತಾರೆ?

ಮರುದಿನ ನಾನಾಗಿಯೇ ಅವಳ ಮಾವನ ಮನೆಗೆ ಹೋದೆ. "ಕಾಶೀ, ಸರ್ ನಿನ್ನ ಹೆಸರು ತಗದಾರ. ಆಕೀದು ಗಂಡಸರ ದನಿ ಇದ್ದಂಗ ಅದ, ಮಂದಿ ನಗತಾರ ಅಂದ್ರು" ಅಂದೆ.

ಸರ್ ಅಂದರೆ ನಮಗೆ ಕನ್ನಡ ಕಲಿಸುತ್ತಿದ್ದವರು; ಗ್ಯಾದರಿಂಗಿನ ಉಸ್ತುವಾರಿಯೂ ಅವರದೇ. ಅವರು ಹಾಗೆ ಅಂದಿರಲಿಲ್ಲ. ಕಾಶಿ ಅಳಲಿಲ್ಲ, ಜಗಳಾಡಲಿಲ್ಲ — "ಹೌದೇನು" ಅಂದಳು, ಅಷ್ಟೇ. ಸಂಜೆಯ ಬಸ್ಸಿಗೆ ಊರಿಗೆ ಹೋಗಿಬಿಟ್ಟಳು; ಗ್ಯಾದರಿಂಗ್ ಮುಗಿದ ಮೇಲೆಯೇ ಮರಳಿದಳು, ಮತ್ತೆಂದೂ ಹಾಡಲಿಲ್ಲ. ಗ್ಯಾದರಿಂಗಿನ ದಿನ ಸರ್ ನನ್ನ ಹತ್ತಿರ ಬಂದು ಕೇಳಿದರು: "ಕಾಶೀಬಾಯಿ ಎಲ್ಲಿ? ಆಕೀ ಹಾಡು ಕೇಳಬೇಕಂತ ಕಾಯಾಕತ್ತೇನಿ."

"ಆಕಿಗಿ ಜ್ವರ ಬಂದಾವ್ರಿ ಸರ್."

ಬಹುಮಾನ ನನಗೇ ಬಂತು.

ಆದರೆ ಆ ಹಾಡು ನನ್ನ ತಲೆ ಬಿಟ್ಟು ಹೋಗಲಿಲ್ಲ. ರೊಟ್ಟಿ ಬಡಿಯುವಾಗ, ಬಸ್ಸಿಗೆ ಕಾಯುವಾಗ, ಅತ್ತೆಯ ಹೆಣದ ಮುಂದೆ ಕೂತಾಗಲೂ ಬಂತು — ಯಾವಾಗಲೂ ಕಾಶಿಯ ದನಿಯಲ್ಲೇ. ಕ್ಯಾಸೆಟ್ಟುಗಳ ಕಾಲ ಮುಗಿಯಿತು, ಊರೆಲ್ಲ ಆ ಹಾಡನ್ನು ಮರೆಯಿತು, ನನ್ನ ತಲೆ ಮರೆಯಲಿಲ್ಲ.

ಕಳೆದ ತಿಂಗಳು ರೊಟ್ಟಿ ಬಡಿಯುತ್ತ ನಾನು ಗುನುಗುವುದನ್ನು ಕೇಳಿ ಮಗಳು, "ಅವ್ವಾ, ತಡಿ, ಅದನ್ನ ಹಚ್ಚತೀನಿ" ಎಂದು ಮೊಬೈಲಿನಲ್ಲಿ ಹುಡುಕಿ ಹಚ್ಚಿದಳು. ಡ್ರಮ್ಮು, ಗಿಟಾರು, ಕುಣಿಯುವ ತಾಳ. ಪಲ್ಲವಿಯ ಕೊನೆ ಬಂತು — ಹಾಗೆಯೇ ಓಡಿಹೋಯಿತು. ಇಳಿಯಲಿಲ್ಲ, ನಿಲ್ಲಲಿಲ್ಲ. "ಇದಲ್ಲ, ಬ್ಯಾರೆ ಇರಬೇಕು ನೋಡು" ಅಂದೆ. ಮಗಳು ಸಿಕ್ಕಿದ್ದನ್ನೆಲ್ಲ ಹಚ್ಚಿದಳು. ಎಲ್ಲೂ ಇರಲಿಲ್ಲ.

ಆಗ ತಿಳಿಯಿತು. ಆ ಇಳಿತ, ಆ ನಿಲುಗಡೆ, ಆ ಏಳುವಿಕೆ — ಕಾಶಿ ತಾನೇ ಹುಟ್ಟಿಸಿದ್ದು. ಯಾರೂ ಹೇಳಿಕೊಡದೆ, ಚಹಾದಂಗಡಿಯ ಮುಂದೆ ಹಾದುಹೋಗುವಾಗ ಕೇಳಿದ ಹಾಡಿನೊಳಗೆ ಅವಳಿಗೆ ಇನ್ನೊಂದು ಹಾಡು ಕಂಡಿತ್ತು. ಅದನ್ನು ಕೇಳಿದವಳು ಈ ಲೋಕದಲ್ಲಿ ನಾನೊಬ್ಬಳೇ. ಎಂಥದ್ದನ್ನು ನಾನು... ಮೊಬೈಲು ಹಾಡುತ್ತಲೇ ಇತ್ತು, ನಾನು ಹಿಟ್ಟಿನ ಕೈಯಲ್ಲೇ ಕೂತುಬಿಟ್ಟೆ.

ಕಾಶಿ ಮದುವೆಯಾಗಿ ಹುಮನಾಬಾದಿನಲ್ಲಿದ್ದಾಳೆ. ಮನೆಯಲ್ಲೇ ಶಾವಿಗೆ ಮಷಿನ್ ಇಟ್ಟುಕೊಂಡಿದ್ದಾಳೆ. ಆಗೊಮ್ಮೆ ಈಗೊಮ್ಮೆ ಯಾರದಾದರೂ ಮದುವೆಯಲ್ಲಿ ಸಿಗುತ್ತಿದ್ದೆವು, ನಗುತ್ತಿದ್ದೆವು. ಹಾಡಿನ ಮಾತು ಮಾತ್ರ ಬರುತ್ತಿರಲಿಲ್ಲ. ಈ ಸಲ ನೇರ ಅವಳ ಮನೆಗೇ ಹೋದೆ. ಚಹಾ ಕೊಟ್ಟಳು. ಹೇಗೆ ಶುರು ಮಾಡಬೇಕೋ ತಿಳಿಯದೆ, ಪಲ್ಲವಿಯನ್ನು ಅವಳು ಹಾಡಿದ ಹಾಗೆಯೇ ಹಾಡಿದೆ.

ಕಾಶಿ ಕೊನೆಯವರೆಗೂ ಕಿವಿಗೊಟ್ಟಳು. "ಯಾರ ಹಾಡದು? ಭಾಳ ಚಲೋ ಅದ" ಅಂದಳು.

"ನಿಂದೇ" ಅಂದೆ. ಎಲ್ಲವನ್ನೂ ಹೇಳಿದೆ.

ಅವಳು ಚಹಾದ ಕಪ್ಪುಗಳನ್ನು ಒಳಗಿಟ್ಟು ಬಂದಳು. ಆಮೇಲೆ ಕೇಳಿದ್ದು ಹಾಡಿನ ಬಗ್ಗೆಯೂ ಅಲ್ಲ, ನನ್ನ ಬಗ್ಗೆಯೂ ಅಲ್ಲ.

"ಸರ್ ಹಂಗ ಅಂದಿಲ್ಲೇನು?"

"ಇಲ್ಲ. ನಾನೇ ಕಟ್ಟಿ ಹೇಳಿದೆ."

"ಅವರು ಎದುರಿಗಿ ಬಂದರ ಮಾರಿ ತಿರುವತಿದ್ದೆ. ತೀರಿಕೊಂಡಾಗನೂ ಹೋಗಲಿಲ್ಲ" ಅಂದಳು. "ಯಾಕಂತ ತಿಳೀದೇ ಹೋದ್ರು ನೋಡು, ಆ ಮನುಷ್ಯ."

ಇಷ್ಟು ದಿನ ಇದು ನಾನು ಒಬ್ಬಳಿಗೇ ಮಾಡಿದ ಅನ್ಯಾಯ ಎಂದುಕೊಂಡಿದ್ದೆ. ಸರ್ ಕಡೆ ನನ್ನ ಲಕ್ಷ್ಯವೇ ಹೋಗಿರಲಿಲ್ಲ — ಒಮ್ಮೆಯೂ.

ಶಾವಿಗೆ ಮಾಡಿಸಲು ಯಾರೋ ಹಿಟ್ಟಿನ ಡಬ್ಬಿ ಹಿಡಿದು ಬಾಗಿಲಿಗೆ ಬಂದರು. ಕಾಶಿ ಎದ್ದಳು. "ಸರ್ ಹೆಂಡ್ತಿ ಇನ್ನೂ ಅದಾರ. ನಾ ಯಾಕ ಮಾರಿ ತಿರುವತಿದ್ದೆ ಅಂತ ಅವರಿಗಿ ಹೋಗಿ ಹೇಳು. ನನಗೊಬ್ಬಾಕಿಗೇ ಹೇಳಿದರ ಸಾಲಂಗಿಲ್ಲ" ಎಂದು ಮಷಿನ್ ಚಾಲೂ ಮಾಡಿದಳು. ನಾನು ಕ್ಷಮೆ ಕೇಳಲಿಲ್ಲ; ಕೇಳುವ ಬಾಯಿ ನನಗಿರಲಿಲ್ಲ.

ಆ ತಾಯಿ ಬಸವಕಲ್ಯಾಣದಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಇರುತ್ತಾರೆ. ನಾಳೆ ಬೆಳಿಗ್ಗೆ ಹೋಗುತ್ತೇನೆ. ಹೋದೊಡನೆ ಹೇಳಬೇಕಾದದ್ದು ಇಷ್ಟೇ: "ಅವ್ವಾರ, ಸರ್ ಕಾಶಿಗಿ ಕೆಟ್ಟದ್ದೇನೂ ಅಂದಿರಲಿಲ್ರಿ. ಅಂದಾಕಿ ನಾನು."