ನಾನು ನುಂಗಿಕೊಂಡ ಒಂದು ದನಿ

ನಮ್ಮ ಗುಂಪಿಗೆ ಸಿನಿಮಾ ನೋಡುವುದು ಅರ್ಧ ಕೆಲಸ. ಉಳಿದರ್ಧ, ಲಕ್ಷ್ಮೀಪುರಂನ ಟೀ ಅಂಗಡಿಯ ಮುಂದೆ ನಾನು ಅದನ್ನು ಮತ್ತೊಮ್ಮೆ ಆಡಿ ತೋರಿಸುವುದು. ಹೀರೋ, ವಿಲನ್, ಕಿರುಗುಟ್ಟುವ ಬಾಗಿಲು, ಎಲ್ಲವೂ ನಾನೇ. ನಾಯಕಿಯಂತೆ ಅತ್ತರೆ ಮಾತ್ರ ಎದುರುಮನೆಯ ನಾಯಿ ಬೊಗಳುತ್ತದೆ. ಅದಕ್ಕೆ ಕಲೆಯ ಗಂಧವಿಲ್ಲ ಎನ್ನುತ್ತೇನೆ ನಾನು. ಅದೊಂದಕ್ಕೇ ಇರುವುದು ಎನ್ನುತ್ತಾರೆ ಉಳಿದವರು.

ಆ ಶನಿವಾರ ಬೆಳಿಗ್ಗೆ ಅಂಗಡಿಯ ಮುಂದೆ ನಾವು ನಾಲ್ವರಿದ್ದೆವು. ನಾನು, ನನ್ನ ಸೋದರಮಾವ, ಕಾಲೇಜಿನಿಂದ ಜೊತೆಗಿರುವ ಗೆಳತಿ, ಮತ್ತು ಹೆಬ್ಬಾಳದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಗೆಳೆಯ. ಹಿಂದಿನ ದಿನ ನಾವು ಮೂವರು ಹೊಸ ಥ್ರಿಲ್ಲರನ್ನು ಮೊದಲ ಶೋನಲ್ಲೇ ನೋಡಿದ್ದೆವು. ಶಿಫ್ಟ್ ಇದ್ದುದರಿಂದ ಗೆಳೆಯ ಬಂದಿರಲಿಲ್ಲ. ಅವನ ಟಿಕೆಟ್ಟು ಭಾನುವಾರದ್ದು.

ಪಾಪ, ಅವನು ಇದುವರೆಗೆ ಒಂದು ಥ್ರಿಲ್ಲರನ್ನೂ ಕೊಲೆಗಾರ ಯಾರೆಂದು ತಿಳಿಯದೆ ನೋಡಿದವನಲ್ಲ. ಶಿಫ್ಟ್ ಬಸ್ಸಿನಲ್ಲಿ ಯಾರಾದರೂ ಹೇಳಿಬಿಡುತ್ತಾರೆ. ಈ ಸಲ ಹಟ ಹಿಡಿದು ವಾಟ್ಸಾಪ್ ಗುಂಪು ಬಿಟ್ಟಿದ್ದ, ಬಸ್ಸಿನಲ್ಲಿ ಕಿವಿಗೆ ಹತ್ತಿ ತುರುಕಿಕೊಂಡಿದ್ದ, ಪೇಪರಿನ ವಿಮರ್ಶೆಯನ್ನು ಗಟ್ಟಿಯಾಗಿ ಓದಕೂಡದೆಂದು ಅಮ್ಮನಿಂದ ಆಣೆ ಮಾಡಿಸಿಕೊಂಡಿದ್ದ.

"ಸಿನಿಮಾ ಎಂಗಿದೆ ಅಂತ ಮಾತ್ರ ಹೇಳಿ. ಕತೆ ಹೇಳಿದ್ರೆ ಟೀ ಮೈಮೇಲೆ ಉಯ್ದುಬುಡ್ತೀನಿ," ಎಂದ.

"ಡೈರೆಕ್ಟರ್ ಕಾಲಿಗೆ ಬೀಳ್ಬೇಕು ಕಣೋ," ಎಂದಳು ಗೆಳತಿ. "ಇಡೀ ಸಿನಿಮಾ ಒಂದೇ ಛತ್ರದಲ್ಲಿ. ಮದುವೆ ಮನೇಲಿ ಕೊಲೆ. ಒಂದು ಫ್ರೇಮೂ ವೇಸ್ಟಿಲ್ಲ."

ಮಾವನಿಗೆ ಯಾವ ಚಿತ್ರದ ಹೆಸರೂ ನೆನಪಿರುವುದಿಲ್ಲ, ಆದರೂ ಶಿಫಾರಸು ಬಿಡುವುದಿಲ್ಲ. "ಇದು ಇಷ್ಟ ಆದ್ರೆ ಅದನ್ನೂ ನೋಡ್ರೋ, ಮಲಯಾಳಂದು. ಹೀರೋಗೆ ಕಿವಿ ಕೇಳ್ಸಲ್ವಲ್ಲ, ಅದು."

"ಹೆಸರೇನು ಮಾವ?"

"ಹೆಸರು ಯಾವನಿಗ್ ಬೇಕೋ? ಕೊನೇಲಿ ಅವನ ತಮ್ಮನೇ…"

"ಮಾವಾ!" ಎಂದು ಮೂವರೂ ಕೂಗಿದೆವು.

ಆಮೇಲೆ ಎಲ್ಲರೂ ನನ್ನತ್ತ ತಿರುಗಿದರು. ಕತೆ ಹೇಳದೆ ಬರೀ ಪಾತ್ರಗಳ ದನಿ ಮಾಡುತ್ತೇನೆಂದು ಮಾತು ಕೊಟ್ಟು ಶುರುಮಾಡಿದೆ. ಸಾರಿಗೆ ಉಪ್ಪು ಹಾಕಿದರೋ ಇಲ್ಲವೋ ಎಂದು ಚೀರುವ ಅಡುಗೆಭಟ್ಟರನ್ನು ಮಾಡಿದೆ. ಕೆಮ್ಮುವ ಛತ್ರದ ಮ್ಯಾನೇಜರನ್ನು, ನಿದ್ದೆಗಣ್ಣಿನ ಇನ್ಸ್‌ಪೆಕ್ಟರನ್ನು, ವಧುವಿನ ದೊಡ್ಡಪ್ಪನನ್ನು, ಅವರ ಗೊರಕೆಯನ್ನು ಸಹ ಮಾಡಿದೆ. ಟೀ ಕಾಸುವವರು ಸ್ಟವ್ ಸಣ್ಣ ಮಾಡಿ ಕೇಳಿದರು. ಇಂಥ ಹೊತ್ತಿನಲ್ಲಿ ನನ್ನ ತಲೆ ಎಷ್ಟು ಉಬ್ಬುತ್ತದೆಂದರೆ ಹೆಲ್ಮೆಟ್ ಹಿಡಿಸುವುದಿಲ್ಲ.

ಗೆಳೆಯ ನಗುತ್ತಿದ್ದವನು ಇದ್ದಕ್ಕಿದ್ದಂತೆ ನಿಲ್ಲಿಸಿದ.

"ಲೋ, ಟ್ರೈಲರ್‌ನಲ್ಲಿ ಒಬ್ಬ ಫೋಟೋಗ್ರಾಫರ್ ಇದ್ನಲ್ಲ. ಮೂಗಲ್ಲೇ ಮಾತಾಡ್ತಾ, 'ಸ್ವಲ್ಪ ನಗೀ ಮೇಡಂ' ಅಂತ. ಅವನನ್ನ ಯಾಕೋ ಮಾಡ್ಲಿಲ್ಲ?"

"ಅವನಾ? ಮರ್ತೋಯ್ತು."

"ನಿಂಗೆ? ಮರ್ತೋಯ್ತಾ?" ಅವನ ದನಿ ಕುಗ್ಗಿತು. "ನಮ್ಮಜ್ಜಿ ತಿಥೀಲಿ ಪುರೋಹಿತರನ್ನೇ ಬಿಡ್ಲಿಲ್ಲ ನೀನು. ಅಂಥಾ ಮೂಗು ಸಿಕ್ಕಿದ್ರೆ ಬಿಟ್ಬುಡ್ತೀಯಾ? ಅವನೇ ಕೊಲೆಗಾರ, ಅಲ್ವೇನೋ?"

ನಾವು ಮೂವರೂ ಒಟ್ಟಿಗೆ ಟೀ ಕುಡಿದೆವು. ನನ್ನ ಲೋಟ ಆಗಲೇ ಖಾಲಿಯಾಗಿತ್ತು.

"ಅಯ್ಯೋ, ಅವನು ಫಸ್ಟ್ ಹಾಫಲ್ಲೇ ಸತ್ತೋಗ್ತಾನೆ!" ಎಂದರು ಮಾವ.

"ಅವನು ಸಿನಿಮಾದಲ್ಲೇ ಇಲ್ಲ," ಎಂದಳು ಗೆಳತಿ, ಅದೇ ಉಸಿರಿನಲ್ಲಿ.

ಕೊನೆಯ ಪ್ರಯತ್ನವೆಂದು ನಾನು ಮೂಗು ಹಿಡಿದು, "ಸ್ವಲ್ಪ ನಗೀ ಸಾರ್," ಎಂದೆ. ಅವನು ನಗಲಿಲ್ಲ. ಜೇಬಿನಿಂದ ಹತ್ತಿ ತೆಗೆದು ಮೇಜಿನ ಮೇಲಿಟ್ಟು, "ಇದನ್ನ ನಿನ್ ಬಾಯಿಗೆ ಇಟ್ಕೋ," ಎಂದು ಬಸ್ಸಿಗೆ ಹೊರಟುಹೋದ.

ನಾನಾದರೂ ಏನು ಮಾಡಲಿ? ಕೊಲೆಗಾರನ ದನಿ ಮಾಡಿದರೆ ಬಾಯಿತಪ್ಪಿ ಏನಾದರೂ ಬಂದೀತೆಂದು ಅದೊಂದನ್ನು ನುಂಗಿಕೊಂಡಿದ್ದೆ. ಜನ್ಮದಲ್ಲಿ ಒಮ್ಮೆ ಬಾಯಿ ಮುಚ್ಚಿದ್ದಕ್ಕೆ ಸಿಕ್ಕ ಫಲ ಇದು. ಈಗ ನಿಮಗೂ ಗೊತ್ತಾಗಿಹೋಯಿತು. ಚಿತ್ರದ ಹೆಸರು ಹೇಳದಿರುವುದೊಂದೇ ನಾನು ನಿಮಗೆ ಮಾಡಬಹುದಾದ ಉಪಕಾರ.

ಭಾನುವಾರ ಸಂಜೆ ಅವನು ಚಿತ್ರ ನೋಡಿಕೊಂಡು ನೇರ ಅಂಗಡಿಗೆ ಬಂದ. ನಾವು ಬೈಗುಳಕ್ಕೆ ತಯಾರಾಗಿ ನಿಂತಿದ್ದೆವು. ಆದರೆ ಅವನ ಮುಖ ಅರಳಿತ್ತು.

"ಎಂಥಾ ಡೈರೆಕ್ಟರೋ ಅವನು! ಎಲ್ಲಾರೂ ಕೊಲೆಗಾರನ್ನ ಹುಡುಕ್ತಾ ಇದ್ರು. ನಾನು ಆ ಫೋಟೋಗ್ರಾಫರ್ ಒಬ್ಬನ್ನೇ ನೋಡ್ತಾ ಕೂತೆ. ಮುಹೂರ್ತದ ಸೀನಲ್ಲೇ ಸುಳಿವು ಕೊಟ್ಟವ್ನೆ, ನೀವು ನೋಡಿದ್ರಾ?"

ನಾವು ಮುಖ ಮುಖ ನೋಡಿಕೊಂಡೆವು. ಮುಹೂರ್ತದ ಸೀನಿನಲ್ಲಿ ನಾನು ಪಾಪ್‌ಕಾರ್ನ್ ಹುಡುಕುತ್ತಿದ್ದೆ.

"ಏನ್ ಸುಳಿವೋ?" ಎಂದಳು ಗೆಳತಿ, ಒಂದು ಫ್ರೇಮೂ ವೇಸ್ಟಿಲ್ಲ ಎಂದಿದ್ದವಳು.

ಅವನು ತುಟಿ ಬಿಗಿದು, ಕಾಲರ್ ಸರಿಮಾಡಿಕೊಂಡು, ಖಾಲಿ ಲೋಟದಿಂದ ಟೀ ಹೀರಿದ. ಅವನು ಅಣಕಿಸುತ್ತಿರುವುದು ನನ್ನನ್ನೇ ಎಂದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮಾವ ಬೆಂಚಿನಿಂದ ಬೀಳುವಷ್ಟು ನಕ್ಕರು. ನನ್ನ ಅಡುಗೆಭಟ್ಟರಿಗೂ ಅಷ್ಟು ನಕ್ಕಿರಲಿಲ್ಲ.

ಎಷ್ಟು ಬೇಡಿದರೂ ಗೆಳೆಯ ಆ ಸುಳಿವಿನ ಬಗ್ಗೆ ಬಾಯಿ ಬಿಡಲಿಲ್ಲ. ಹಾಗಾಗಿ ಮಾರನೆಯ ದಿನ ನಾವು ಮೂವರು ಮತ್ತೆ ಟಿಕೆಟ್ ತೆಗೆದುಕೊಂಡೆವು. ಅವನೂ ಮಜಾ ನೋಡಲು ಜೊತೆಗೆ ಬಂದ. ಮುಹೂರ್ತದ ಸೀನು ಬಂತು. ಓಲಗ ಜೋರಾಯಿತು, ಅಕ್ಷತೆ ಬಿತ್ತು, ಫೋಟೋಗ್ರಾಫರ್ ಒಂದೇ ಸಮನೆ ಕ್ಲಿಕ್ಕಿಸತೊಡಗಿದ. ಮಾವ ಎದ್ದು ನಿಂತು ಕೂಗಿಬಿಟ್ಟರು:

"ಮುಚ್ಚಳ ಕಣ್ರೋ! ಕ್ಯಾಮೆರಾ ಮುಚ್ಚಳಾನೇ ತೆಗ್ದಿಲ್ಲ ಅವನು! ಕೊಲೆಗಾರ ಫೋಟೋನೇ ತೆಗೀತಿಲ್ಲ!"

ಇಡೀ ಥಿಯೇಟರ್ ನಮ್ಮ ಸಾಲಿನತ್ತ ತಿರುಗಿತು. "ಯಾವನ್ರೀ ಅದು ಕತೆ ಹೇಳಿದ್ದು?" ಎಂದು ಮುಂದಿನಿಂದ ಒಬ್ಬರು ಗುಡುಗಿದರು.

ನಾನು ಸೀಟಿನಲ್ಲಿ ಕೆಳಕ್ಕೆ ಜಾರಿ, ಗೆಳೆಯನ ದನಿಯಲ್ಲಿ "ಸಾರಿ ಸಾರ್, ನಾನೇ," ಎಂದೆ.