ಒತ್ತೆಯಾಳಿನ ಕೆಲಸ

ತರಬೇತಿ ಕೇಂದ್ರದಲ್ಲಿ ಎಲ್ಲರೂ ಅವನನ್ನು ಒತ್ತೆಯಣ್ಣ ಅಂತಲೇ ಕರೆಯುತ್ತಿದ್ದರು. ಭಯೋತ್ಪಾದಕರನ್ನು ಎದುರಿಸುವ ಪಡೆಗೆ ಸೇರಲು ಬಂದಿದ್ದವನು ಓಟದಲ್ಲಿ ಬಿದ್ದು ಮಂಡಿ ಮುರಿದುಕೊಂಡ. ಮನೆಗೆ ಕಳಿಸುವ ಬದಲು ಅಲ್ಲೇ ಒಂದು ಕೆಲಸ ಕೊಟ್ಟರು: ಅಭ್ಯಾಸದ ಕಟ್ಟಡದಲ್ಲಿ ಒತ್ತೆಯಾಳಾಗಿ ಕೂರುವುದು. ಕಣ್ಣಿಗೆ ಬಟ್ಟೆ, ಕೈಗೆ ಹಗ್ಗ. ಹೊಸಬರು ಬಾಗಿಲು ಒಡೆದು ನುಗ್ಗಿ ಬಿಡಿಸಿಕೊಂಡು ಹೋಗುವವರೆಗೆ ಪಿಟ್ಟೆನ್ನುವಂತಿಲ್ಲ.

ಮೊದಮೊದಲು ಅವನಿಗೇ ನಗು ಬರುತ್ತಿತ್ತು. ವರ್ಷಗಳು ಕಳೆದಂತೆ ಮನೆಯಲ್ಲಿ ಬಚ್ಚಲಿನ ಚಿಲಕ ಹಾಕಿಕೊಳ್ಳುವುದನ್ನು ಬಿಟ್ಟ. "ನೀವು ಸ್ನಾನ ಮಾಡಿದ್ರೆ ನಾನು ಬಾಗಿಲು ಕಾಯೋ ಹಾಗಾಯ್ತಲ್ಲ," ಅಂತ ಹೆಂಡತಿ ತಮಾಷೆ ಮಾಡುತ್ತಿದ್ದಳು. ಅವನು ಲಿಫ್ಟು ಹತ್ತುವುದನ್ನೂ ಬಿಟ್ಟಾಗ ಅವಳ ತಮಾಷೆ ನಿಂತಿತು.

ಒಂದು ತಂಡದ ಕೊನೆಯ ಪರೀಕ್ಷೆ. ಅಂದು ಒತ್ತೆಯಾಳುಗಳು ಇಬ್ಬರು. ಅವನನ್ನು ಗೋಡೆ ಬೀರುವಿನಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕಿದರು, ಕೋಣೆಗೆ ಹೊಗೆ ಬಿಟ್ಟರು. ಬೂಟುಗಳ ಸದ್ದು ಹತ್ತಿರ ಬಂತು. "ಇಲ್ಲಿ ಯಾರೂ ಇಲ್ಲ," ಅಂದಿತು ಒಂದು ಹೆಣ್ಣು ದನಿ. ಸದ್ದು ದೂರವಾಯಿತು. ಕೂಗಿದರೆ ಪರೀಕ್ಷೆ ಕೆಡುತ್ತದೆಂದು ಅವನು ಕಾದ. ಕೊನೆಗೆ ಕೂಗಹೊರಟರೆ ದನಿಯೇ ಏಳಲಿಲ್ಲ. ಭುಜದಿಂದ ಬಾಗಿಲು ಗುದ್ದಿದ.

ಕಸ ಗುಡಿಸಲು ಬಂದವಳು ಸದ್ದು ಕೇಳಿ ಚಿಲಕ ತೆಗೆದಳು, ಕಟ್ಟು ಬಿಚ್ಚಿದಳು. ತಂಡ ಇನ್ನೊಬ್ಬ ಒತ್ತೆಯಾಳನ್ನು ಹೊರತಂದು, ಕೆಲಸ ಮುಗಿಯಿತೆಂದು ಚಹಾ ಕುಡಿಯುತ್ತಿತ್ತು. ತರಬೇತುದಾರನೂ ಅವರ ಜೊತೆಗಿದ್ದ. ವಿಷಯ ತಿಳಿದು ಓಡಿಬಂದ.

"ನಾನೂ ಮರೆತುಬಿಟ್ಟೆ ಕಣಯ್ಯ. ಬಿಡಿಸಿದ್ರು ಅಂತ ಬರೆದುಬಿಡ್ತೀನಿ, ನೀನು ಹೂಂ ಅನ್ನು. ಇಲ್ಲಾಂದ್ರೆ ಅಷ್ಟೂ ಜನ ಫೇಲು. ಮತ್ತೆ ಪರೀಕ್ಷೆ ಅಂದ್ರೆ ಮತ್ತೆ ನೀನೇ ಅದರೊಳಗೆ ಕೂರಬೇಕು, ನೋಡ್ಕೋ."

ಒತ್ತೆಯಣ್ಣ ತೆರೆದ ಬೀರುವನ್ನು ನೋಡಿದ.

"ಫೇಲ್ ಮಾಡಿ ಸಾರ್. ನಾಳೆ ನಿಜವಾಗ್ಲೂ ಯಾರೋ ಒಳಗಿರ್ತಾರೆ."

ಮರುಪರೀಕ್ಷೆಯಲ್ಲಿ ಹಲ್ಲು ಕಚ್ಚಿ ಕೂತ. ಈ ಸಲ ಬಾಗಿಲು ಬೇಗ ತೆರೆಯಿತು. ಅದೇ ಹೆಣ್ಣು ದನಿ: "ಅಣ್ಣಾ, ಬಂದಿದೀವಿ. ಏಳಿ." ಏಳಲಾಗಲಿಲ್ಲ. ಅವಳೇ ಅವನನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದಳು. ತಂಡ ಪಾಸಾಯಿತು.

ಅವನು ಉಗ್ರಾಣಕ್ಕೆ ವರ್ಗ ಕೇಳಿದ. ದೊಡ್ಡ ಸಾಹೇಬರು ಬೆನ್ನು ತಟ್ಟಿದರು. "ನಿನ್ನಷ್ಟು ಸುಮ್ಮನೆ ಕೂರೋರನ್ನ ಎಲ್ಲಿಂದ ತರಲಿ?"

"ಬಿಟ್ಟುಬಿಡಿ ಆ ಕೆಲಸಾನ," ಅಂದಳು ಹೆಂಡತಿ.

"ಬಿಟ್ಟು?"

ಸೋಮವಾರ ಹೊಸ ತಂಡ ಬಂತು. ಅವನು ಮತ್ತೆ ಕೂರಲು ಹೋದ.